ಹಿಮದಡಿಯ 15 ನಿಮಿಷ

ಪರೀಕ್ಷೆ ಮುಗಿದರೆ ಸಾಕು, ನಮ್ಮ ಕಾಲೇಜುಗಳ ಹುಡುಗ-ಹುಡುಗಿಯರು ಹಿಮಾಲಯ ಚಾರಣಕ್ಕೆ ಹೊರಡುತ್ತಾರೆ. ಬೂಟು, ಜಾಕೆಟ್, ಪವರ್ ಬ್ಯಾಂಕ್ ಎಲ್ಲವೂ ಸಿದ್ಧ. ಹಿಮ ಕುಸಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಹಿಮಕುಸಿತ ನಮಗೆ ದೂರದ ಸುದ್ದಿಯಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಸಿಲುಕಿ ಜೀವಂತವಾಗಿ ಸಿಕ್ಕ, ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಯೋಧ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾದಲ್ಲಿ ಪರ್ವತಾರೋಹಣ ತರಬೇತಿಯ ತಂಡವೇ ಹಿಮಕ್ಕೆ ಸಿಲುಕಿತು. ಮಡಿದವರಲ್ಲಿ ಕರ್ನಾಟಕದವರೂ ಇದ್ದರು.

ಹಿಮಾಚಲದಲ್ಲಿ ನಾನು ಪಡೆದ ಪ್ರಾಥಮಿಕ ತರಬೇತಿಯಲ್ಲಿ ಮೊದಲು ತಿಳಿದದ್ದು ಸಮಯದ ಲೆಕ್ಕ. ಹೂತವರನ್ನು ಸುಮಾರು 15 ನಿಮಿಷದೊಳಗೆ ಹೊರತೆಗೆದರೆ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ತೀರಾ ಕಡಿಮೆ. ಹನುಮಂತಪ್ಪ ಅವರು ಸಿಕ್ಕಿದ್ದು ಪವಾಡ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ. ಜೊತೆಯಲ್ಲಿ ನಡೆಯುತ್ತಿದ್ದ ಗೆಳೆಯರೇ ರಕ್ಷಣಾ ಪಡೆ.

ಅದಕ್ಕೆ ಮೂರು ಸಾಧನ ಬೇಕು. ಮೈಮೇಲೆ ಕಟ್ಟಿಕೊಳ್ಳುವ ಟ್ರಾನ್ಸೀವರ್ ಹೂತವರು ಎಲ್ಲಿದ್ದಾರೆಂದು ಸಂಕೇತ ಕೊಡುತ್ತದೆ. ಮಡಚುವ ಉದ್ದನೆಯ ಕೋಲಿನಿಂದ ಚುಚ್ಚಿ ಆಳ ತಿಳಿಯಬೇಕು. ಆಮೇಲೆ ಸಲಿಕೆ. ಹೆಚ್ಚು ಹೊತ್ತು ಹಿಡಿಯುವುದು ಅಗೆಯುವುದಕ್ಕೇ. ಕುಸಿದು ನಿಂತ ಹಿಮ ಗಾರೆಯಂತೆ ಗಟ್ಟಿಯಾಗಿರುತ್ತದೆ. ಇಳಿಜಾರಿನ ಕೆಳಬದಿಯಿಂದ, ಸರದಿಯ ಮೇಲೆ ಅಗೆಯಬೇಕು.

ಆದರೆ ತರಬೇತಿ ಕವಚವಲ್ಲ ಎಂಬುದನ್ನು 2022ರ ದುರಂತವೇ ಹೇಳುತ್ತದೆ. ಆದ್ದರಿಂದ ಹಿಮಕ್ಕೆ ಸಿಲುಕದಂತೆ ನಡೆಯುವುದೇ ಮುಖ್ಯ ಪಾಠ. 30ರಿಂದ 45 ಡಿಗ್ರಿಯ ಇಳಿಜಾರು, ಹೊಸದಾಗಿ ಬಿದ್ದ ಹಿಮ, ಜೋರು ಗಾಳಿ, ಏಕಾಏಕಿ ಏರಿದ ಬಿಸಿಲು ಇವೆಲ್ಲ ಎಚ್ಚರಿಕೆಯ ಗಂಟೆಗಳು. ಎಷ್ಟೋ ಬಾರಿ ಹಿಮ ಜಾರುವುದು ಅಲ್ಲಿ ನಡೆದವರ ಭಾರದಿಂದಲೇ. ಸಾವಿರಾರು ರೂಪಾಯಿ ಕಟ್ಟಿ, ಶಿಖರ ಕಣ್ಣೆದುರೇ ಇರುವಾಗ 'ಇಂದು ಬೇಡ, ವಾಪಸ್ ಹೋಗೋಣ' ಎನ್ನುವುದು ಸಲಿಕೆ ಹಿಡಿಯುವುದಕ್ಕಿಂತ ಕಷ್ಟ.

ಇಂಥ ಕೋರ್ಸ್ ಅನ್ನು ರೆಸ್ಯೂಮೆಯ ಒಂದು ಸಾಲಿಗಾಗಿ ಮಾಡಬೇಡಿ. ಒತ್ತಡದಲ್ಲಿ ಲೆಕ್ಕ ತಪ್ಪದಂತೆ ಯೋಚಿಸುವುದು, ತಂಡವಾಗಿ ದುಡಿಯುವುದು ಅದರಿಂದ ತಾನಾಗಿಯೇ ಬರುತ್ತದೆ. ಕೋರ್ಸ್‌ಗೆ ಹೋಗಲಾಗದಿದ್ದರೆ, ಚಳಿಗಾಲದ ಚಾರಣಕ್ಕೆ ಹಣ ಕಟ್ಟುವ ಮುನ್ನ ಸಂಘಟಕರನ್ನು ಕೇಳಿ: ಹಿಮಕುಸಿತದ ಮುನ್ಸೂಚನೆ ನೋಡುತ್ತೀರಾ? ಅಪಾಯದ ಹಾದಿಯಲ್ಲಿ ಪ್ರತಿಯೊಬ್ಬರಿಗೂ ಟ್ರಾನ್ಸೀವರ್ ಕೊಡುತ್ತೀರಾ? ಹಿಂದಿರುಗುವ ತೀರ್ಮಾನ ಯಾರದು? ಉತ್ತರ ತಡವರಿಸಿದರೆ ಬೇರೆ ತಂಡ ಹುಡುಕಿ. ಹಿಮಾಲಯ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.