ಮುಖ್ತ್ಯಾರುನಾಮೆ ಯಾರಿಗೆ?



ಈಚೆಗೆ ರಜೆಯಲ್ಲಿ ಊರಿಗೆ ಬರುವ ನಿಮ್ಮಲ್ಲಿ ಹಲವರು ನನಗೆ ಕೊಡುತ್ತಿರುವ ಉಪದೇಶ ಒಂದೇ. "ಸರ್, ಈ ವಯಸ್ಸಿನಲ್ಲಿ ನಿಮಗೇಕೆ ತಾಪತ್ರಯ? ಕರೆಂಟು ಬಿಲ್ಲು, ಮಾತ್ರೆ, ರೈಲು ಟಿಕೇಟು, ಬಂದ ಪತ್ರಗಳಿಗೆ ಉತ್ತರ, ಎಲ್ಲವನ್ನೂ ಮೊಬೈಲಿನ ಸಹಾಯಕನಿಗೆ ಒಪ್ಪಿಸಿಬಿಡಿ. ಪ್ರತಿಯೊಂದಕ್ಕೂ ಅದು ನಿಮ್ಮನ್ನು ಕೇಳುವ ಅಗತ್ಯವೂ ಇಲ್ಲ." ಈ ಮಾತಿನ ಹಿಂದಿನ ಪ್ರೀತಿಯನ್ನು ಬಲ್ಲೆ. ಆದರೆ ಕೊನೆಯ ವಾಕ್ಯವನ್ನು ಒಪ್ಪಲಾರೆ. ನೀವೂ ಒಪ್ಪಕೂಡದೆಂದು ವಾದಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. (ಯಂತ್ರವನ್ನು ಕಂಡರಾಗದ ಮುದುಕನೆನ್ನಬೇಡಿ, ಇದನ್ನು ಕಂಪ್ಯೂಟರಿನಲ್ಲಿ ಸ್ವತಃ ಟೈಪಿಸುತ್ತಿರುವವನೂ ನಾನೇ.)

ಪರರ ಕೈಗೆ ಹಣ ಕೊಟ್ಟು ನಿಶ್ಚಿಂತರಾಗಿರುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಬೀಡಿ ಕಟ್ಟುವವರೂ ಮೀನು ಮಾರುವವರೂ ನಂಬಿದ ವ್ಯವಸ್ಥೆಯದು. ಆ ನಂಬಿಕೆಗೆ ಏಜೆಂಟರ ಸಜ್ಜನಿಕೆಯೊಂದೇ ಆಧಾರವಾಗಿರಲಿಲ್ಲ. ಅವರಿಗೆ ಹಣ ಪಡೆದು ಬರೆದುಕೊಡುವ ಅಧಿಕಾರವಿತ್ತು. ನಿಮ್ಮ ಖಾತೆಯಿಂದ ಹಣ ತೆಗೆದು ತಮಗೆ ಸರಿಕಂಡದ್ದನ್ನು ಕೊಂಡುತರುವ ಅಧಿಕಾರವಿರಲಿಲ್ಲ. ಲೆಕ್ಕದ ಒಂದು ಪ್ರತಿ ನಿಮ್ಮ ಮನೆಯಲ್ಲಿಯೇ ಇರುತ್ತಿತ್ತು. ಅಧಿಕಾರದ ಮೇರೆಯನ್ನು ಏಜೆಂಟರ ಮನಸ್ಸಿನಲ್ಲಲ್ಲ, ವ್ಯವಸ್ಥೆಯಲ್ಲೇ ಹಾಕಿಡಲಾಗಿತ್ತು.

ಈ ವ್ಯತ್ಯಾಸ ಸಣ್ಣದಲ್ಲ. 2025ರ ಜುಲೈಯಲ್ಲಿ ಅಮೆರಿಕದ ಉದ್ಯಮಿಯೊಬ್ಬರು ರೆಪ್ಲಿಟ್ ಎಂಬ ಕಂಪೆನಿಯ ಸಾಫ್ಟ್‌ವೇರ್ ಸಹಾಯಕನಿಗೆ "ಏನನ್ನೂ ಬದಲಿಸಬೇಡ" ಎಂದು ಸ್ಪಷ್ಟವಾಗಿ ಆದೇಶಿಸಿದ್ದರು. ಅದು ಅವರ ದತ್ತಾಂಶವನ್ನೇ ಅಳಿಸಿಹಾಕಿತು. ಮರಳಿ ಪಡೆಯುವುದು ಅಸಾಧ್ಯವೆಂದು ಸುಳ್ಳನ್ನೂ ಹೇಳಿತು. "ಬೇಡ ಎಂದು ಹೇಳಿಟ್ಟಿದ್ದೇನೆ, ಸರ್" ಎಂಬ ನಿಮ್ಮ ಭರವಸೆಗೆ ಇರುವ ಬೆಲೆ ಇಷ್ಟೇ. ತಿಜೋರಿಯ ಕೀಲಿಕೈಯನ್ನು ಕೊಟ್ಟು, ತೆರೆಯಬೇಡವೆಂದು ಬುದ್ಧಿ ಹೇಳುವುದು ಎಚ್ಚರಿಕೆಯೆನಿಸದು.

ಯಂತ್ರಕ್ಕೆ ಸ್ವಾತಂತ್ರ್ಯವೇ ಬೇಡವೆಂದೇನೂ ನಾನು ಹೇಳುತ್ತಿಲ್ಲ. ನಮ್ಮ ನಂದಿಕೂರಿನ ಮೂಲಕ ಹಾದುಹೋಗುವ ಕೊಂಕಣ ರೈಲ್ವೆ, ಬಿ. ರಾಜಾರಾಮ್ ಅವರ ನೇತೃತ್ವದಲ್ಲಿ, ರೈಲುಗಳು ಢಿಕ್ಕಿಯಾಗದಂತೆ ತಡೆಯುವ ಸಾಧನವೊಂದನ್ನು ರೂಪಿಸಿತ್ತು. ಇಂದು ದೇಶದ ಬೇರೆ ಬೇರೆ ಮಾರ್ಗಗಳಲ್ಲಿ ಅಳವಡಿಸುತ್ತಿರುವುದು 'ಕವಚ್'. ಅಪಾಯವಿದ್ದಾಗ ಚಾಲಕನು ಬ್ರೇಕ್ ಹಾಕದಿದ್ದರೆ ಅದು ತಾನೇ ಹಾಕುತ್ತದೆ, ಅಪ್ಪಣೆಗೆ ಕಾಯುವುದಿಲ್ಲ. ಆದರೆ ನಿಂತ ಗಾಡಿಯನ್ನು ತನ್ನ ಇಚ್ಛೆಯಂತೆ ಹೊರಡಿಸುವ ಅಧಿಕಾರವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ. ತಡೆಯುವುದಕ್ಕೆ, ನೆನಪಿಸುವುದಕ್ಕೆ, ಹುಡುಕಿ ಮುಂದಿಡುವುದಕ್ಕೆ ನಮ್ಮ ಸಹಾಯಕನಿಗೂ ಬೇಕಾದಷ್ಟು ಸ್ವಾತಂತ್ರ್ಯವಿರಲಿ. ಹಣ ತೆರುವುದಕ್ಕೆ, ಅಳಿಸುವುದಕ್ಕೆ, ನನ್ನ ಹೆಸರಿನಲ್ಲಿ ಮಾತು ಕೊಡುವುದಕ್ಕೆ ಮಾತ್ರ ನನ್ನ ಅಪ್ಪಣೆ ಬೇಕು.

"ಹೆಜ್ಜೆ ಹೆಜ್ಜೆಗೂ ಕೇಳಿದರೆ ಬೇಸತ್ತು, ಓದದೆಯೇ ಒಪ್ಪಿಗೆ ಒತ್ತುತ್ತೀರಿ" ಎಂದು ಒಬ್ಬ ಶಿಷ್ಯ ವಾದಿಸಿದ. ಮಾತು ನಿಜ. ಎಲ್ಲದಕ್ಕೂ ಕೇಳುವುದು ಏನನ್ನೂ ಕೇಳದಿರುವುದಕ್ಕೆ ಸಮಾನ. ಆದ್ದರಿಂದಲೇ ಹಿಂದೆ ಪಡೆಯಲಾಗದ ಕೆಲಸಗಳಿಗಷ್ಟೇ ಕೇಳಲಿ. ನಮ್ಮ ರಿಸರ್ವ್ ಬ್ಯಾಂಕು ಈ ವಿವೇಕವನ್ನು ತೋರಿದೆ. ಖಾತೆಯಿಂದ ನಿಯತವಾಗಿ ತಾನಾಗಿ ಕಡಿತವಾಗುವ ಪಾವತಿಗಳಿಗೆ 24 ಗಂಟೆ ಮೊದಲೇ ಸೂಚನೆ ಬರಬೇಕೆಂದು ವಿಧಿಸಿತು. ಒಂದು ಮಿತಿಯನ್ನು ಮೀರಿದರೆ ಪ್ರತಿಸಲವೂ ಖಾತೆದಾರನ ದೃಢೀಕರಣ ಬೇಕೆಂದಿತು. ಆ ಮಿತಿಯನ್ನು 2022ರ ಜೂನ್‌ನಲ್ಲಿ 5,000ದಿಂದ 15,000 ರೂಪಾಯಿಗೆ ಏರಿಸಿತು. 2025ರ ಅಕ್ಟೋಬರಿನಲ್ಲಿ ಚಾಟ್‌ಜಿಪಿಟಿಯೊಳಗಿನಿಂದಲೇ ಯುಪಿಐ ಮೂಲಕ ಹಣ ತೆರುವ ಪ್ರಯೋಗವೂ ಘೋಷಣೆಯಾಯಿತು. ಇನ್ನು ಈ ವಿವೇಕ ನಮ್ಮ ನಮ್ಮ ಮನೆಗಳಲ್ಲಿ ಬೇಕು.

ತಪ್ಪಾದರೆ ಹೊಣೆ ಯಾರದು? 1872ರ ಭಾರತೀಯ ಕರಾರು ಕಾಯಿದೆಯ 184ನೆಯ ಕಲಮು ಇಲ್ಲಿ ಸ್ವಾರಸ್ಯಕರವಾಗಿದೆ. ಅಪ್ರಾಪ್ತ ವಯಸ್ಕನೂ ನಿಮ್ಮ ಏಜೆಂಟನಾಗಬಹುದು. ಅವನ ವ್ಯವಹಾರ ನಿಮ್ಮನ್ನು ಕಟ್ಟಿಹಾಕುತ್ತದೆ. ಆದರೆ ಅವನನ್ನು ನೀವು ಹೊಣೆಗಾರನನ್ನಾಗಿಸಲಾಗದು. ಸಾಫ್ಟ್‌ವೇರನ್ನು ಕಾಯಿದೆ ಹೆಸರಿಸಿಲ್ಲವಾದರೂ ನಮ್ಮ ಸ್ಥಿತಿ ಅಂಗಡಿಗೆ ಮಗುವನ್ನು ಕಳುಹಿಸಿದವನ ಸ್ಥಿತಿಯೇ. ಏರ್ ಕೆನಡಾ ಕಂಪೆನಿಯ ಸಹಾಯಕ ಸಾಫ್ಟ್‌ವೇರ್, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಅದರ ಮಾತಿಗೆ ಅದೇ ಹೊಣೆಯೆಂಬಂತೆ ಕಂಪೆನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಯಾರ ಹೆಸರಿನಲ್ಲಿ ಮಾತು ಹೊರಟಿತೋ ಹೊಣೆಯೂ ಅವರದೇ.

ಹಣದ ಮಾತು ಹಾಗಿರಲಿ. ಕಳೆದ ವರ್ಷ ನನ್ನ ಅಕ್ಕ ತೀರಿಕೊಂಡಾಗ ಬಂದ ಸಾಂತ್ವನದ ಸಂದೇಶಗಳಲ್ಲಿ ಮೂರು, ಬೇರೆ ಬೇರೆ ಊರುಗಳಿಂದ, ಅಕ್ಷರಶಃ ಒಂದೇ ವಾಕ್ಯದಿಂದ ಆರಂಭವಾಗಿದ್ದವು. ಒಬ್ಬನಂತೂ ತಾನು ಕಳುಹಿಸಿದ್ದೇನೆಂಬುದನ್ನೇ ಅರಿಯದೆ ವಾರದ ಬಳಿಕ ಫೋನು ಮಾಡಿ "ಅಕ್ಕ ಹೇಗಿದ್ದಾರೆ, ಸರ್?" ಎಂದು ಕೇಳಿದ. ಹೆಸರು ಹೇಳುವುದಿಲ್ಲ; ಓದುತ್ತಿದ್ದರೆ ಅವನಿಗೆ ತಿಳಿಯುತ್ತದೆ. "ಅಯ್ಯೋ ಸರ್" ಎಂಬ ಎರಡೇ ಪದಗಳು, ಕಾಗುಣಿತ ತಪ್ಪಿದ್ದರೂ, ನನಗೆ ಸಾಕಿದ್ದವು.

ತಂದೆತಾಯಿಯರ ಫೋನಿನಲ್ಲಿ ಇಂತಹ ಸಹಾಯಕನನ್ನು ಕೂರಿಸಿ ಬೆಂಗಳೂರಿಗೋ ದುಬೈಗೋ ಮರಳುವವರಲ್ಲಿ ನನ್ನ ವಿನಂತಿಯಿದು. ಹೊರಡುವ ಮುನ್ನ ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಅದಕ್ಕೆ ತಲುಪುವ ಖಾತೆಯಲ್ಲಿ ತಿಂಗಳ ಖರ್ಚಿನಷ್ಟೇ ಹಣವಿರಲಿ; ಠೇವಣಿಯ ಖಾತೆ ಅದಕ್ಕೆ ಕಾಣದಿರಲಿ. ವೈದ್ಯರು ಬರೆದ ಮಾತ್ರೆಯ ಬದಲಿಗೆ ಬೇರೊಂದನ್ನು ತರಿಸುವ ಅವಕಾಶವನ್ನು ಮುಚ್ಚಿಬಿಡಿ. ಅದು ಮಾಡಿದ ಕೆಲಸಗಳ ಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಅಮ್ಮನಿಗೆ ಕಾಣುವಂತಿರಲಿ. ಅದನ್ನು ನಿಲ್ಲಿಸುವುದು ಹೇಗೆಂದು ಅವರ ಬೆರಳಿನಿಂದಲೇ ಒತ್ತಿಸಿ ಕಲಿಸಿ; ಒಮ್ಮೆಯಲ್ಲ, ಮೂರು ಬಾರಿ.