ಹುಳುಕು ಹಲ್ಲಿಗೆ ಬೆಳ್ಳಿಯೋ, ಬಿಳುಪೋ?

ಕಳೆದ ತಿಂಗಳು ಪುಲಿಕೇಶಿನಗರದ ಮಸೀದಿ ರಸ್ತೆಯ ಸಮೀಪದಲ್ಲಿರುವ ಪರಿಚಿತರೊಬ್ಬರ ಮನೆಗೆ ಹೋಗಿದ್ದೆನು. ಅಲ್ಲಿ ಅತ್ತೆ ಸೊಸೆಯರ ನಡುವೆ ಹಲ್ಲಿನ ವಿಷಯವಾಗಿ ಚರ್ಚೆ ನಡೆದಿತ್ತು. ಸೊಸೆಗೆ ಐದು ತಿಂಗಳು ತುಂಬಿದ್ದವು. ಆಕೆಯ ಎರಡು ದವಡೆ ಹಲ್ಲುಗಳಿಗೆ ಬಾಲ್ಯದಲ್ಲಿ ಬೆಳ್ಳಿಯ ಬಣ್ಣದ ಲೋಹವನ್ನು ತುಂಬಿಸಿದ್ದರು. ಅದರಲ್ಲಿ ಪಾದರಸವುಂಟೆಂದು ಕೇಳಿ ಹೆದರಿ, ಅದನ್ನು ಕೆರೆಸಿ ತೆಗೆಸಿ ಬಿಳಿಯದನ್ನು ತುಂಬಿಸಿಕೊಳ್ಳಬೇಕೆಂದು ಆಕೆ ನಿಶ್ಚಯಿಸಿದ್ದಳು.

“ಮಗುವಿಗೆ ಏನಾದರೂ ಆದರೆ ಏನು ಗತಿ, ಅತ್ತೆ?” ಎಂದು ಆಕೆಯ ಪ್ರಶ್ನೆ.

“ಮೂವತ್ತು ವರ್ಷದಿಂದ ನನ್ನ ಬಾಯಲ್ಲಿಯೂ ಅದೇ ಇದೆಯಮ್ಮ. ನನಗೇನಾಗಿದೆ?” ಎಂದು ಅತ್ತೆಯ ಉತ್ತರ.

ಇವರ ಮಧ್ಯೆ ಏಳು ವರ್ಷದ ಮೊಮ್ಮಗನು ಹುಳುಕು ಹಲ್ಲಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದನು. ಅವನಿಗೆ ಯಾವುದನ್ನು ತುಂಬಿಸಬೇಕೆಂಬುದೂ ತೀರ್ಮಾನವಾಗಿರಲಿಲ್ಲ. ಅನೇಕ ಮನೆಗಳಲ್ಲಿ ಇಂತಹ ಸಂದೇಹವಿರುವುದರಿಂದ ಈ ಸಲ ಅದನ್ನೇ ವಿಚಾರ ಮಾಡೋಣ.

ನಾವು ಬೆಳ್ಳಿಯೆಂದು ಕರೆಯುವ ಈ ಮಿಶ್ರಲೋಹಕ್ಕೆ ಅಮಾಲ್ಗಂ ಎಂದು ಹೆಸರು. ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದುದು ಬೆಳ್ಳಿ, ತವರ ಮತ್ತು ತಾಮ್ರ. ಇವು ಒಂದರೊಡನೊಂದು ಬೆರೆತು ಗಟ್ಟಿಯಾದ ಮೇಲೆ ಪಾದರಸವು ಬಹುಮಟ್ಟಿಗೆ ಬಂಧಿತವಾಗಿಬಿಡುತ್ತದೆ. ಅಗಿಯುವಾಗ ಅತ್ಯಲ್ಪ ಆವಿಯು ಹೊರಬರುವುದು ನಿಜ. ಆದರೆ ಸಾಮಾನ್ಯ ಜನರಿಗೆ ಅದರಿಂದ ಕೇಡಾಗುವುದೆಂದು ಸಿದ್ಧವಾಗಿಲ್ಲ. ಆವಿಯು ಹೆಚ್ಚಾಗಿ ಹೊರಡುವುದು ಹೊಸದಾಗಿ ತುಂಬುವಾಗ, ಮತ್ತು ಗಟ್ಟಿಯಾಗಿರುವುದನ್ನು ಕೊರೆದು ತೆಗೆಯುವಾಗ. ಹೀಗಿರುವುದರಿಂದ, ಮಗುವಿನ ಹಿತಕ್ಕೆಂದು ಈ ಸೊಸೆಯು ಮಾಡಹೊರಟಿದ್ದ ಕೆಲಸವೇ ಆಕೆ ಹೆದರುತ್ತಿದ್ದ ಪಾದರಸವನ್ನು ಹೊರಗೆಬ್ಬಿಸುವಂತಹುದಾಗಿತ್ತು!

ಹಾಗಾದರೆ ಲೋಕವೆಲ್ಲ ಈ ಲೋಹವನ್ನು ಬಿಡುತ್ತಿರುವುದೇತಕ್ಕೆ? ಅದಕ್ಕೆ ಮುಖ್ಯ ಕಾರಣವು ಬಾಯಿಯ ಹೊರಗಿದೆ. ಪಾದರಸವು ಚರಂಡಿಯ ಮೂಲಕ ನೀರನ್ನು ಸೇರಿದರೆ ಅಲ್ಲಿ ರೂಪಾಂತರ ಹೊಂದಿ ಮೀನುಗಳ ಮೈಯಲ್ಲಿ ಶೇಖರವಾಗುತ್ತದೆ. ಜಪಾನಿನ ಮಿನಾಮಾಟದಲ್ಲಿ ಕಾರ್ಖಾನೆಯೊಂದರ ಪಾದರಸದಿಂದ ಕೆಟ್ಟ ಮೀನನ್ನು ತಿಂದ ಜನರ ನರಗಳು ಹಾಳಾದ ಸಂಗತಿಯು 1956ರಲ್ಲಿ ಬೆಳಕಿಗೆ ಬಂದಿತು. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ರಾಷ್ಟ್ರಗಳ ಒಡಂಬಡಿಕೆಯಾಯಿತು. ಭಾರತವು 2018ರಲ್ಲಿ ಅದನ್ನು ಅಂಗೀಕರಿಸಿತು. ಹಾಲುಹಲ್ಲುಗಳಿಗೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಮೊಲೆಯೂಡಿಸುವ ತಾಯಂದಿರಿಗೆ, ವೈದ್ಯರು ಅವಶ್ಯವೆಂದು ಕಂಡ ಹೊರತು, ಇದನ್ನು ಹೊಸದಾಗಿ ತುಂಬಲಾಗದೆಂದು 2022ರಲ್ಲಿ ಗೊತ್ತುಪಡಿಸಿದರು. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಕೂಡಿದ ಸಭೆಯು 2034ರೊಳಗಾಗಿ ಇದರ ಬಳಕೆಯನ್ನೇ ನಿಲ್ಲಿಸಬೇಕೆಂದು ನಿರ್ಣಯಿಸಿತು.

ಇನ್ನು ಹಲ್ಲಿನ ಬಣ್ಣದವುಗಳ ಮಾತು. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆಯುಂಟು. ಮೊದಲನೆಯದು ಕಾಂಪೋಸಿಟ್. ಇದು ರಾಳದಂತಹ ವಸ್ತುವಿನಲ್ಲಿ ಗಾಜಿನ ನುಣ್ಣನೆಯ ಪುಡಿಯನ್ನು ಬೆರೆಸಿದುದು; ನೀಲಿಯ ಬೆಳಕನ್ನು ಬಿಟ್ಟರೆ ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಹಲ್ಲಿಗೆ ಅಂಟಿಕೊಳ್ಳುವುದರಿಂದ ಇದಕ್ಕಾಗಿ ಒಳ್ಳೆಯ ಹಲ್ಲನ್ನು ಹೆಚ್ಚಾಗಿ ಕೊರೆಯಬೇಕಾದುದಿಲ್ಲ. ಎರಡನೆಯದು 1972ರಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬವರು ಪ್ರಕಟಿಸಿದ ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟು. ಇದು ಫ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಬಲ ಕಡಮೆಯಾದರೂ ಮಕ್ಕಳ ಹಾಲುಹಲ್ಲಿಗೆ ಅನುಕೂಲವಾದುದು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾಂಪೋಸಿಟನ್ನು ತುಂಬುವಾಗ ಉಗುಳಾಗಲಿ ರಕ್ತವಾಗಲಿ ತಗುಲಿದರೆ ಅದು ಸರಿಯಾಗಿ ಅಂಟುವುದಿಲ್ಲ. ಗಟ್ಟಿಯಾಗುವಾಗ ತುಸು ಕುಗ್ಗುವುದರಿಂದ ಅಂಚಿನಲ್ಲಿ ಬಿರುಕು ಬಿಟ್ಟು ಅಲ್ಲಿ ಮತ್ತೆ ಹುಳುಕು ಹಿಡಿಯಬಹುದು. ವೆಚ್ಚವೂ ಸಮಯವೂ ಹೆಚ್ಚು. ಹಿಂದಿನ ದವಡೆ ಹಲ್ಲುಗಳಲ್ಲಿ ಲೋಹವೇ ಹೆಚ್ಚು ಕಾಲ ನಿಂತಿತೆಂದು 2014ರಲ್ಲಿ ಕಾಕ್ರೇನ್ ಸಂಸ್ಥೆಯವರು ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ ತಿಳಿಸಿದ್ದಾರೆ. ಆದುದರಿಂದ ಬಿಳಿಯದನ್ನು ಆರಿಸುವವರು ಕೆಲಸವನ್ನು ಅವಸರಪಡಿಸದ ವೈದ್ಯರಲ್ಲಿಗೆ ಹೋಗಬೇಕು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದನ್ನು ತೋರಿಸುತ್ತಿರಬೇಕು.

ಕೊನೆಗೆ ಆ ಮನೆಯವರು ಮೂವರೂ ದಂತವೈದ್ಯರಲ್ಲಿಗೆ ಹೋಗಿಬಂದರು. ಸೊಸೆಯ ಹಳೆಯ ಲೋಹವು ಗಟ್ಟಿಯಾಗಿತ್ತು. ಅದನ್ನು ಮುಟ್ಟಬಾರದೆಂದು ವೈದ್ಯರು ಹೇಳಿದರು. ಬೇರೊಂದು ಹಲ್ಲಿನಲ್ಲಿ ಹೊಸದಾಗಿ ತೋರಿದ್ದ ಸಣ್ಣ ಕುಳಿಗೆ ಬಿಳಿಯದನ್ನು ತುಂಬಿದರು. ಗರ್ಭಿಣಿಯರು ಹಲ್ಲಿನ ಚಿಕಿತ್ಸೆಯನ್ನು ಹೆರಿಗೆಯವರೆಗೆ ತಡೆಯಬೇಕೆಂಬುದು ತಪ್ಪು. ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲವಾದ ಕಾಲ. ಬಾಲಕನ ಹಾಲುಹಲ್ಲಿಗೆ ಗ್ಲಾಸ್ ಅಯಾನೊಮರ್ ಆಯಿತು. ಬೀಳುವ ಹಲ್ಲಿಗೆ ಖರ್ಚೇಕೆಂದು ಕೇಳುವವರುಂಟು. ಆದರೆ ಹಾಲಿನ ದವಡೆ ಹಲ್ಲುಗಳು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಮಗುವು ನೋವಿನಲ್ಲಿ ಉಣ್ಣಬೇಕೆ?

ತನಗೇನೂ ಆಗಿಲ್ಲವೆಂದಿದ್ದ ಅತ್ತೆಯ ಬಾಯಲ್ಲಿ ಮಾತ್ರ ಲೋಹದ ಅಂಚು ಒಡೆದು, ಕೆಳಗೆ ಹೊಸ ಹುಳುಕು ಬೆಳೆದಿತ್ತು. ಮೂವತ್ತು ವರ್ಷ ಅದನ್ನು ಯಾರಿಗೂ ತೋರಿಸಿರಲಿಲ್ಲ. ಹೆದರಿದವಳ ಹಲ್ಲಿಗೆ ತೆಗೆಯುವ ಕಾರಣವಿರಲಿಲ್ಲ. ಹೆದರದವರ ಹಲ್ಲಿಗೆ ಇತ್ತು! ಬಾಯೊಳಗಿನ ಸ್ಥಿತಿಯನ್ನು ನಮ್ಮ ಭಯವಾಗಲಿ ಧೈರ್ಯವಾಗಲಿ ಹೇಳಲಾರದು; ನೋಡಿದವರೇ ಹೇಳಬೇಕು.

ಖರ್ಚಿಗೆ ಅಂಜುವವರಿಗೆ, ವಿಕ್ಟೋರಿಯಾ ಆಸ್ಪತ್ರೆಯ ಬಳಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಖರ್ಚೇ ಬೇಡವೆನ್ನುವವರು ರಾತ್ರಿ ಹಲ್ಲುಜ್ಜಿದ ಮೇಲೆ ಮಕ್ಕಳಿಗೆ ಸಿಹಿಯನ್ನೂ ಸಕ್ಕರೆ ಬೆರೆಸಿದ ಹಾಲನ್ನೂ ಕೊಡದಿರಲಿ. ಬೆಳ್ಳಿಯಾಗಲಿ ಬಿಳುಪಾಗಲಿ, ತುಂಬಿದುದು ಹುಟ್ಟಿದ ಹಲ್ಲಿಗೆ ಸಮನಾಗಲಾರದು.