ಅಗ್ನಿಪರ್ವತದ ಕಾವಲುಮನೆ

ಅಗ್ನಿಪರ್ವತವೆಂದೊಡನೆ ಉರಿ, ಹೊಗೆ, ದಿಕ್ಕೆಟ್ಟು ಓಡುವ ಜನ, ಇವೇ ನಮ್ಮ ಕಣ್ಣಮುಂದೆ ಸುಳಿಯುತ್ತವೆ. ಆದರೆ ಅದರ ಮಗ್ಗುಲಲ್ಲಿಯೇ ನೆಲೆಸಿ, ಹಗಲಿರುಳೂ ಅದರ ನಾಡಿಯನ್ನು ಹಿಡಿದು ಕುಳಿತವರೂ ಇದ್ದಾರೆ. ಇಂತಹ ವೀಕ್ಷಣಾಲಯಗಳಲ್ಲೆಲ್ಲ ಹಳೆಯದು ಇಟಲಿಯ ನೇಪಲ್ಸ್ ನಗರದ ಬಳಿ, ವಿಸೂವಿಯಸ್ ಬೆಟ್ಟದ ಇಳಿಜಾರಿನಲ್ಲಿದೆ. ೧೮೪೧ರಲ್ಲಿ ಅರಸ ಎರಡನೆಯ ಫರ್ಡಿನಾಂಡನು ಅದನ್ನು ಸ್ಥಾಪಿಸಿದನು. ಈಗ ಕಾವಲಿನ ಕಾರ್ಯವು ನೇಪಲ್ಸಿನಿಂದಲೇ ನಡೆಯುತ್ತದೆ. ಹಳೆಯ ಕಟ್ಟಡವು ಪ್ರದರ್ಶನಾಲಯವಾಗಿದೆ.

ಅಪಾಯದ ತಾಣವನ್ನು ಪ್ರವಾಸಿಗಳಿಗೆ ತೆರೆದಿಡುವುದು ಸರಿಯೇ, ವಿಜ್ಞಾನಕ್ಕೂ ಜಾತ್ರೆಗೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ೧೮೭೨ರ ಏಪ್ರಿಲಿನಲ್ಲಿ ವಿಸೂವಿಯಸ್ ಸಿಡಿದಾಗ, ಲಾವಾರಸದ ಬೆಡಗನ್ನು ನೋಡಲು ರಾತ್ರಿಯಲ್ಲಿ ಬೆಟ್ಟವೇರಿದ್ದ ಹಲವರು ಸುಟ್ಟು ಸತ್ತರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅದೇ ದಿನಗಳಲ್ಲಿ ವೀಕ್ಷಣಾಲಯದ ನಿರ್ದೇಶಕ ಲೂಯಿಜಿ ಪಾಲ್ಮಿಯೆರಿ ತನ್ನ ಸ್ಥಾನವನ್ನು ಬಿಡದೆ, ತಾನೇ ನಿರ್ಮಿಸಿದ್ದ ಭೂಕಂಪಮಾಪಕದ ಮುಂದೆ ಕುಳಿತು ಬೆಟ್ಟದ ಒಂದೊಂದು ನಡುಕವನ್ನೂ ಗುರುತುಮಾಡುತ್ತಿದ್ದನು. ಇಬ್ಬರೂ ನೋಡಿದ್ದು ಒಂದೇ ಬೆಟ್ಟವನ್ನು. ಒಬ್ಬರ ನೋಟ ಬರಿಯ ಕುತೂಹಲ; ಇನ್ನೊಬ್ಬರದು ಅಧ್ಯಯನ.

ಕುತೂಹಲವನ್ನು ಅಧ್ಯಯನದ ಕಡೆಗೆ ತಿರುಗಿಸುವುದೇ ಇಂತಹ ಸಂದರ್ಶನ ಕೇಂದ್ರಗಳ ಕೆಲಸವೆಂದು ನಮ್ಮ ಅಭಿಪ್ರಾಯ. ಕರಗಿದ ಶಿಲೆಯು ಮೇಲೇರುವಾಗ ಸುತ್ತಣ ಬಂಡೆಗಳು ಬಿರಿದು ಸಣ್ಣ ಸಣ್ಣ ಕಂಪನಗಳಾಗುತ್ತವೆ. ಬೆಟ್ಟದ ಮೈ ಕೂದಲೆಳೆಯಷ್ಟು ಉಬ್ಬುತ್ತದೆ. ಹೊರಬರುವ ಗಂಧಕದ ಅನಿಲದ ಪ್ರಮಾಣ ಬದಲಾಗುತ್ತದೆ. ಇವನ್ನು ಅಳೆಯುವುದು ವಿಜ್ಞಾನಿಯ ಕರ್ತವ್ಯ. ಆದರೆ ಅಳತೆಯ ಅರ್ಥವು ಬೆಟ್ಟದ ಕೆಳಗಿನ ಊರಿಗೆ ತಿಳಿಯದಿದ್ದರೆ ಅದರಿಂದ ಫಲವೇನು?

ಕೊಲಂಬಿಯ ದೇಶದ ನೆವಾಡೊ ದೆಲ್ ರೂಯಿಸ್ ಪರ್ವತದ ಅಪಾಯವನ್ನು ಸೂಚಿಸುವ ಭೂಪಟವು ೧೯೮೫ರ ಅಕ್ಟೋಬರಿನಲ್ಲಿಯೇ ಸಿದ್ಧವಾಗಿತ್ತು. ನವೆಂಬರ್ ೧೩ರ ರಾತ್ರಿ ಕೆಸರಿನ ಪ್ರವಾಹವು ಆರ್ಮೆರೊ ಎಂಬ ಪಟ್ಟಣವನ್ನು ನುಂಗಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಮಡಿದರು. ತಿಳಿವಳಿಕೆ ಇತ್ತು, ಅದು ಜನರ ಮನೆಬಾಗಿಲನ್ನು ಮುಟ್ಟಲಿಲ್ಲ. ೧೯೯೧ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಎಚ್ಚೆತ್ತಾಗ ವಿಜ್ಞಾನಿಗಳು ಬೇರೆಯ ದಾರಿ ಹಿಡಿದರು. ಫ್ರೆಂಚ್ ದಂಪತಿಗಳಾದ ಮೋರಿಸ್ ಮತ್ತು ಕಾತ್ಯಾ ಕ್ರಾಫ್ಟ್ ಅವರು ತಯಾರಿಸಿದ್ದ ಚಲಚ್ಚಿತ್ರವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ಕಣ್ಣಾರೆ ಕಂಡವರು ನಂಬಿದರು. ಜೂನ್ ೧೫ರ ಮಹಾಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನ ಊರುಬಿಟ್ಟರು. ಸಾವು ಪೂರ್ತಿಯಾಗಿ ತಪ್ಪಲಿಲ್ಲ, ಆದರೆ ಸಾವಿರಾರು ಜೀವಗಳುಳಿದವು. ಆ ದಂಪತಿಗಳು ಮಾತ್ರ ಅದೇ ಜೂನ್ ೩ರಂದು ಜಪಾನಿನ ಉನ್ಜೆನ್ ಪರ್ವತದಲ್ಲಿ ಪ್ರಾಣ ತೆತ್ತಿದ್ದರು. ತೋರಿಸುವುದು ವಿಜ್ಞಾನದ ಅಲಂಕಾರವಲ್ಲ, ಅದರ ಅರ್ಧಭಾಗ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮುಂಬಯಿಯ ನಮಗೆ ಇದೆಲ್ಲ ದೂರದ ಮಾತೆಂದು ತಿಳಿಯಬಾರದು. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ಕಪ್ಪು ಬಂಡೆಯು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹೆಪ್ಪುಗಟ್ಟಿದ ಲಾವಾರಸವೇ. ನಮ್ಮ ಹಿರಿಯರ ವಿಜಯಪುರ ಸೀಮೆಯ ಎರೆಮಣ್ಣು ಅಂತಹ ಶಿಲೆ ಸವೆದು ಆದದ್ದು. ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಇಂದಿಗೂ ಜೀವಂತ ಅಗ್ನಿಪರ್ವತವಿದೆ.

ಮಿತ್ರರೇ, ಎಲ್ಲರೂ ವಿಸೂವಿಯಸ್ಸಿಗೆ ಹೋಗುವುದು ಸಾಧ್ಯವಾಗದಿರಬಹುದು. ಆದರೆ ಶಾಲೆಯ ಪ್ರವಾಸವೆಂದರೆ ಬುತ್ತಿ, ಹಾಡು, ಭಾವಚಿತ್ರ ಇಷ್ಟೇ ಎಂಬ ಭಾವನೆಯನ್ನು ಬಿಡುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಯಾವುದೇ ಬೆಟ್ಟದ ಬುಡದಲ್ಲಿ ನಿಂತಾಗ, ಇದು ಹೇಗಾಯಿತು, ಇದನ್ನು ಕಾಯುವವರು ಯಾರು ಎಂದು ಕೇಳೋಣ. ತಿಳಿದುದನ್ನು ಮನೆಯವರಿಗೆ ಹೇಳೋಣ.